ದುಡ್ಡು ಕಟ್ ಆಯ್ತು, ಆದರೆ ಹೋಗಲಿಲ್ಲ: ಯುಪಿಐ, ಎಟಿಎಂ, ಹೆಬ್ಬೆಟ್ಟು ಮಿಷಿನ್ ಕೈಕೊಟ್ಟಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಪೇಟೆ ಬೀದಿ ಹತ್ತಿರ ನಮ್ಮದೊಂದು ದಿನಸಿ ಅಂಗಡಿ. ಅದರ ಮೂಲೆಯಲ್ಲೇ ಒಂದು ಮೇಜು ಹಾಕಿಕೊಂಡು ಬ್ಯಾಂಕ್ ಮಿತ್ರನ ಕೆಲಸವನ್ನೂ ಮಾಡುತ್ತೇನೆ. ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುವುದು, ಬ್ಯಾಲೆನ್ಸ್ ನೋಡಿ ಹೇಳುವುದು, ಅಷ್ಟೇ. ಸರ್ವರ್ ಡೌನ್ ಆದ ದಿನ ಮಾತ್ರ ಎರಡೂ ಕಡೆಯ ಜನ ನನ್ನ ಮುಂದೆಯೇ ನಿಲ್ಲುತ್ತಾರೆ. ಎಲ್ಲರೂ ಕೇಳುವುದು ಇವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಅಣ್ಣ, ನನ್ನ ಅಕೌಂಟಿಂದ ದುಡ್ಡು ಕಟ್ ಆಗಿದೆ, ನಿಮಗೆ ಬಂದಿಲ್ಲ ಅಂತೀರಿ. ಇನ್ನೊಂದ್ಸಲ ಹಾಕ್ಲಾ?

ಬೇಡ. ದಯವಿಟ್ಟು ಬೇಡ. ನಾನು ಮೊದಲು ಹೇಳುವುದೇ ಇದನ್ನು.

ಸ್ಕ್ರೀನ್ ಮೇಲೆ ‘ಪ್ರಾಸೆಸಿಂಗ್’ ಅಥವಾ ‘ಪೆಂಡಿಂಗ್’ ಅಂತ ಸುತ್ತುತ್ತಾ ಇದ್ದರೆ ಆ ದುಡ್ಡಿನ ಗತಿ ಇನ್ನೂ ತೀರ್ಮಾನ ಆಗಿಲ್ಲ ಎಂದರ್ಥ. ಅದು ಇನ್ನು ಐದು ನಿಮಿಷಕ್ಕೆ ನನಗೆ ಬಂದು ಸೇರಬಹುದು, ನಿಮಗೇ ವಾಪಸ್ ಬರಬಹುದು. ಅಷ್ಟರಲ್ಲಿ ನೀವು ಇನ್ನೊಂದು ಸಲ ಹಾಕಿದರೆ ಎರಡೂ ಬಂದು ಬೀಳುತ್ತವೆ. ನಾನು ಪರಿಚಯದವನು, ವಾಪಸ್ ಕೊಡುತ್ತೇನೆ. ಆದರೆ ನೀವು ಯಾವುದೋ ಊರಿನ ಪೆಟ್ರೋಲ್ ಬಂಕಿನಲ್ಲಿ ಎರಡು ಸಲ ಹಾಕಿ ಮುಂದೆ ಹೋಗಿಬಿಟ್ಟಿದ್ದರೆ ಆ ದುಡ್ಡಿನ ಹಿಂದೆ ತಿರುಗುವುದು ಬಲು ಕಷ್ಟ.

ಮಾಡಬೇಕಾದ್ದು ಇಷ್ಟು. ಆ್ಯಪಿನ ಹಿಸ್ಟರಿಗೆ ಹೋಗಿ ಆ ವಹಿವಾಟನ್ನು ತೆರೆಯಿರಿ. ಅದರಲ್ಲಿ ಯುಟಿಆರ್ ಅಥವಾ ಆರ್‌ಆರ್‌ಎನ್ ಅಂತ 12 ಅಂಕಿಯ ಒಂದು ನಂಬರ್ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮುಂದೆ ಯಾರ ಹತ್ತಿರ ಹೋದರೂ ಅವರು ಕೇಳುವುದು ನಿಮ್ಮ ಹೆಸರಲ್ಲ, ಈ ನಂಬರ್.

ಹಂಗಾದ್ರೆ ನನ್ನ ದುಡ್ಡು ಈಗ ಎಲ್ಲಿದೆ?

ಇದನ್ನು ಬಿಡಿಸಿ ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ನೀವು ಪಿನ್ ಒತ್ತಿದ ಮೇಲೆ ಆ ಸಂದೇಶ ಫೋನಿನಿಂದ ಆ್ಯಪಿಗೆ ಹೋಗುತ್ತದೆ. ಆ್ಯಪಿನ ಹಿಂದೆ ಒಂದು ಬ್ಯಾಂಕ್ ಇರುತ್ತದೆ, ಅಲ್ಲಿಂದ ಎನ್‌ಪಿಸಿಐಗೆ. ಎನ್‌ಪಿಸಿಐ ಅಂದರೆ ಯುಪಿಐ ನಡೆಸುವ ಸಂಸ್ಥೆ. ಅದು ನಿಮ್ಮ ಬ್ಯಾಂಕಿಗೆ ‘ಇಷ್ಟು ಕಳೆಯಿರಿ’ ಎನ್ನುತ್ತದೆ. ಕಳೆದಾಯಿತು ಅಂತ ಉತ್ತರ ಬಂದ ಮೇಲೆ ನನ್ನ ಬ್ಯಾಂಕಿಗೆ ‘ಇಷ್ಟು ಸೇರಿಸಿ’ ಎನ್ನುತ್ತದೆ. ಆಮೇಲೆ ಎರಡೂ ಕಡೆಗೆ ‘ಆಯಿತು’ ಎಂಬ ಮಾತು ವಾಪಸ್ ಬರಬೇಕು. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಮಧ್ಯದಲ್ಲಿ ಯಾರೊಬ್ಬರು ಉತ್ತರ ಕೊಡದೆ ಸುಮ್ಮನಾದರೂ ಉಳಿದವರೆಲ್ಲ ಕಾಯುತ್ತಾ ನಿಲ್ಲುತ್ತಾರೆ.

ಹಳ್ಳಿ ಡೇರಿಯಲ್ಲಿ ಹಾಲು ಹಾಕುತ್ತೀರಲ್ಲ, ಹಾಲು ಕ್ಯಾನಿಗೆ ಸುರಿದಾಯಿತು, ಚೀಟಿ ಬರುವ ಮೊದಲೇ ಕರೆಂಟ್ ಹೋಯಿತು ಅಂತ ಇಟ್ಟುಕೊಳ್ಳಿ. ಹಾಲು ಎಲ್ಲೂ ಹೋಗಿಲ್ಲ, ಕ್ಯಾನಿನಲ್ಲೇ ಇದೆ. ಲೆಕ್ಕ ಮಾತ್ರ ಬರೆದಿಲ್ಲ. ಕರೆಂಟ್ ಬಂದ ಮೇಲೆ ಕೂತು ಲೆಕ್ಕ ಹೊಂದಿಸುತ್ತಾರೆ. ಬ್ಯಾಂಕುಗಳೂ ಹಾಗೇ, ದಿನದ ಲೆಕ್ಕ ತಾಳೆ ನೋಡಿದಾಗ ಒಂದು ಕಡೆ ಕಳೆದು ಇನ್ನೊಂದು ಕಡೆ ಸೇರದೇ ಇರುವ ಮೊತ್ತ ಎದ್ದು ಕಾಣುತ್ತದೆ. ಅದನ್ನು ಮುಂದೆ ಕಳಿಸುತ್ತಾರೆ, ಇಲ್ಲ ಹಿಂದಕ್ಕೆ ಹಾಕುತ್ತಾರೆ.

ತೊಂದರೆ ನನ್ನ ಫೋನಿನದಾ, ಬ್ಯಾಂಕಿಂದಾ, ಅಥವಾ ಎಲ್ಲರದ್ದೂ ನಿಂತಿದೆಯಾ?

ಕಂಡುಹಿಡಿಯುವುದು ಸುಲಭ. ಮೊದಲು ಯಾರಿಗಾದರೂ ಒಂದು ವಾಟ್ಸ್ಆ್ಯಪ್ ಮೆಸೇಜ್ ಕಳಿಸಿ ನೋಡಿ. ಹೋಗದಿದ್ದರೆ ತೊಂದರೆ ನೆಟ್‌ನದು, ಬ್ಯಾಂಕನ್ನು ಬೈಯಬೇಡಿ. ಅದು ಹೋಯಿತು ಅಂದರೆ, ಪೆಂಡಿಂಗ್ ಯಾವುದೂ ಇಲ್ಲದಿದ್ದಾಗ ಬೇರೆ ಆ್ಯಪಿನಿಂದ, ಅದೇ ಬ್ಯಾಂಕ್ ಖಾತೆಯಿಂದ, ಮನೆಯವರಿಗೆ ಒಂದು ರೂಪಾಯಿ ಹಾಕಿ ನೋಡಿ. ಹೋದರೆ ಮೊದಲ ಆ್ಯಪಿನದೇ ತೊಂದರೆ. ಹೋಗಲಿಲ್ಲ, ಆದರೆ ಇನ್ನೊಂದು ಬ್ಯಾಂಕಿನ ಖಾತೆಯಿಂದ ಹೋಯಿತು ಅಂದರೆ ನಿಮ್ಮ ಬ್ಯಾಂಕಿನ ಸರ್ವರ್ ಮಲಗಿದೆ. ಅಂಗಡಿಯಲ್ಲಿ ನಿಂತ ಯಾರದ್ದೂ ಹೋಗುತ್ತಿಲ್ಲ, ಪಕ್ಕದ ಅಂಗಡಿಯಲ್ಲೂ ಹೋಗುತ್ತಿಲ್ಲ ಅಂದರೆ ಯುಪಿಐಯೇ ನಿಂತಿರಬಹುದು. ನನ್ನ ಅಂಗಡಿಗೆ ಮಾತ್ರ ಬರುತ್ತಿಲ್ಲ, ಪಕ್ಕದ ಟೀ ಅಂಗಡಿಗೆ ಹೋಗುತ್ತಿದೆ ಅಂದರೆ ನನ್ನ ಬ್ಯಾಂಕಿನದೇ ತೊಂದರೆ, ನಿಮ್ಮ ತಪ್ಪೇನಿಲ್ಲ.

ತಿಂಗಳ ಮೊದಲ ವಾರ, ಮಾರ್ಚ್ 31ರ ಸುತ್ತಮುತ್ತ, ಹಬ್ಬದ ಹಿಂದಿನ ದಿನ, ಈ ಹೊತ್ತಿನಲ್ಲಿ ನಿಧಾನ ಜಾಸ್ತಿ. ನಡುರಾತ್ರಿಯ ಮೇಲೆ ಬ್ಯಾಂಕುಗಳು ತಾವೇ ದುರಸ್ತಿಗೆ ಅಂತ ನಿಲ್ಲಿಸುವುದೂ ಉಂಟು. ಅದಕ್ಕೆ ಮುಂಚೆಯೇ ಮೆಸೇಜ್ ಕಳಿಸಿರುತ್ತಾರೆ, ನಾವು ಓದಿರುವುದಿಲ್ಲ.

ಇಡೀ ದೇಶದಲ್ಲೇ ನಿಂತಿದ್ದು ಇದೆಯಾ?

ಇದೆ. 2025ರ ಮಾರ್ಚ್ 26ರ ಸಂಜೆ ಒಮ್ಮೆ ನಿಂತಿತ್ತು, ಏಪ್ರಿಲ್ 12ರಂದು ಮತ್ತೆ. ಏಪ್ರಿಲ್ 12 ಶನಿವಾರ. ಅಂಗಡಿಯಲ್ಲಿ ಜನ ಇದ್ದರು. ಒಬ್ಬರ ಚೀಲದಲ್ಲಿ ಅಕ್ಕಿ, ಬೇಳೆ, ಎಣ್ಣೆ ಎಲ್ಲ ತುಂಬಿ ಆಗಿದೆ, ಫೋನ್ ಸುತ್ತುತ್ತಾ ಇದೆ. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಸ್ಕೂಲ್ ಹುಡುಗಿ ಬರೀ ಒಂದು ಪೆನ್ನು ಹಿಡಿದು. ನಾನು ಸಾಲದ ಪುಸ್ತಕದ ಕೊನೆ ಹಾಳೆ ತೆಗೆದು ಹೆಸರು, ಮೊತ್ತ, ಗಂಟೆ, ಯುಟಿಆರ್‌ನ ಕೊನೆಯ ನಾಲ್ಕು ಅಂಕಿ ಬರೆದುಕೊಂಡೆ. ಸಾಮಾನು ಕೊಟ್ಟು ಕಳಿಸಿದೆ. ಆ ಹಾಳೆ ಇವತ್ತಿಗೂ ಹಾಗೇ ಇದೆ, ಹೆಸರುಗಳ ಮುಂದೆ ಒಂದೊಂದೇ ಟಿಕ್ ಬಿದ್ದಿದೆ.

ಆ ದಿನ ಯಾಕೆ ನಿಂತಿತು ಎನ್ನುವುದು ಎಲ್ಲರೂ ತಿಳಿಯಬೇಕಾದ ವಿಷಯ. ‘ಆ ವಹಿವಾಟು ಏನಾಯಿತು, ಏನಾಯಿತು’ ಅಂತ ಕೆಲವು ಬ್ಯಾಂಕುಗಳ ಕಡೆಯಿಂದ ಎನ್‌ಪಿಸಿಐಗೆ ಬಂದ ವಿಚಾರಣೆಗಳೇ ಹೊಳೆಯಂತೆ ನುಗ್ಗಿ ಹಾದಿ ಕಟ್ಟಿಕೊಂಡಿತು. ಅದಾದ ಮೇಲೆ 2025ರ ಆಗಸ್ಟ್ 1ರಿಂದ ಹೊಸ ನಿಯಮ ಬಂತು. ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಜಾಸ್ತಿ ಬ್ಯಾಲೆನ್ಸ್ ನೋಡುವ ಹಾಗಿಲ್ಲ. ಪೆಂಡಿಂಗ್ ಇರುವ ವಹಿವಾಟಿನ ಸ್ಥಿತಿಯನ್ನು ಮೂರೇ ಸಲ, ಅದೂ 90 ಸೆಕೆಂಡ್ ಬಿಟ್ಟು ಬಿಟ್ಟು ಕೇಳಬಹುದು. ಹಾಗಾಗಿ ಸರ್ವರ್ ನಿಧಾನ ಇದ್ದಾಗ ‘ಬ್ಯಾಲೆನ್ಸ್ ನೋಡ್ತೀನಿ ತಡಿ’ ಅಂತ ಹತ್ತು ಸಲ ಒತ್ತಬೇಡಿ. ಎಲ್ಲರೂ ಒತ್ತಿದರೆ ಎಲ್ಲರಿಗೂ ತಡ.

ಸಣ್ಣ ಬ್ಯಾಂಕುಗಳಿಗೆ ಇನ್ನೊಂದು ತರಹದ ಪೆಟ್ಟೂ ಬಿದ್ದಿದೆ. 2024ರ ಜುಲೈ ಕೊನೆಯಲ್ಲಿ ಇಂಥ ಬ್ಯಾಂಕುಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಒಂದು ಕಂಪನಿಯ ಮೇಲೆ, ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ದಾಳಿ ಆಯಿತು. ಸೋಂಕು ಹರಡಬಾರದು ಅಂತ ಎನ್‌ಪಿಸಿಐ ಆ ಕಂಪನಿಯ ಸಂಪರ್ಕವನ್ನೇ ಕಡಿದುಹಾಕಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಆಗ ಯುಪಿಐ, ಎಟಿಎಂ ನಡೆಯಲಿಲ್ಲ. ಆಗಸ್ಟ್ 1ಕ್ಕೆ ಮತ್ತೆ ಜೋಡಿಸಿದರು. ಇಂಥದ್ದು ಆದಾಗ ಖಾತೆಯ ದುಡ್ಡು ಹೋಯಿತು ಅಂತ ಓಡಿಬರುತ್ತಾರೆ ಪಾಪ. ದುಡ್ಡು ಖಾತೆಯಲ್ಲೇ ಇರುತ್ತದೆ, ಬಾಗಿಲು ಮುಚ್ಚಿರುತ್ತದೆ.

ಕಟ್ ಆದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರಬೇಕು?

ಇದಕ್ಕೆ ರಿಸರ್ವ್ ಬ್ಯಾಂಕಿನ ಗಟ್ಟಿ ನಿಯಮ ಇದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆ. ವಹಿವಾಟು ಮಾಡಿದ ದಿನವನ್ನು ಬಿಟ್ಟು ಎಣಿಸಬೇಕು, ರಜೆ ಪಜೆ ಅಂತ ಬಿಡುವ ಹಾಗಿಲ್ಲ, ಅವೂ ಸೇರಿ ಕ್ಯಾಲೆಂಡರ್ ದಿನವೇ.

ಒಬ್ಬರಿಂದ ಒಬ್ಬರಿಗೆ ಯುಪಿಐ ಅಥವಾ ಐಎಂಪಿಎಸ್ (ಖಾತೆ ನಂಬರಿಗೆ ತಕ್ಷಣ ಕಳಿಸುವುದು) ಮಾಡಿ, ಅವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಯುಪಿಐ ಮಾಡಿದ್ದು, ಕಾರ್ಡ್ ಉಜ್ಜಿದ್ದು, ಎಟಿಎಂನಲ್ಲಿ ದುಡ್ಡು ಬಾರದೆ ಕಟ್ ಆಗಿದ್ದು, ಹೆಬ್ಬೆಟ್ಟು ಒತ್ತಿ ಕಟ್ ಆಗಿದ್ದು, ಇವಕ್ಕೆಲ್ಲ ಐದು ದಿನ. ಅದನ್ನು ದಾಟಿದರೆ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಬ್ಯಾಂಕ್ ನಿಮ್ಮ ಖಾತೆಗೆ ಹಾಕಬೇಕು. ನೀವು ಕೇಳಲಿ, ಬಿಡಲಿ, ಅವರಾಗಿಯೇ ಹಾಕಬೇಕು ಅಂತಲೇ ನಿಯಮ ಇರುವುದು.

ಈ 100 ರೂಪಾಯಿ ವಿಷಯ ನನ್ನ ಮೇಜಿಗೆ ಬರುವ ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ನನಗೆ ಬೇಸರ ಆಗುವುದು ಇಲ್ಲೇ. 300 ರೂಪಾಯಿ ಸಿಕ್ಕಿಹಾಕಿಕೊಂಡಿರುತ್ತದೆ, ‘ಹೋಗ್ಲಿ ಬಿಡಪ್ಪ’ ಅಂತ ಕೈಬಿಡುತ್ತಾರೆ. ಬಿಡಬೇಡಿ. ಅದು ನಿಮ್ಮ ಒಂದು ದಿನದ ಕೂಲಿ.

ಹೆಬ್ಬೆಟ್ಟು ಒತ್ತಿದೆ, ದುಡ್ಡು ಕಟ್ ಆಯ್ತು, ಆದ್ರೆ ನೀವು ಕೈಗೆ ಕೊಡಲಿಲ್ಲ. ಯಾಕೆ?

ನನ್ನ ಕೆಲಸದಲ್ಲಿ ಅತಿ ಕಷ್ಟದ ಪ್ರಶ್ನೆ ಇದು.

ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿ ಪಿಂಚಣಿ ತೆಗೆಯಲು ಬರುತ್ತಾರೆ. ಕಳೆ ಕಿತ್ತು, ಪಾತ್ರೆ ಉಜ್ಜಿ ಹೆಬ್ಬೆರಳಿನ ಗೆರೆಯೇ ಸವೆದಿದೆ. ಒಂದು ದಿನ ಎರಡು ಸಲ ಮಿಷಿನ್ ಒಪ್ಪಲಿಲ್ಲ. ಬೆರಳು ತೊಳೆಸಿ, ಸೆರಗಿನಲ್ಲಿ ಒರೆಸಿಕೊಂಡು ಉಂಗುರ ಬೆರಳು ಇಡಿಸಿದೆ. ಆಗ ಒಪ್ಪಿತು. 1,000 ರೂಪಾಯಿ ಅಂತ ಹಾಕಿದೆ. ಚಕ್ರ ತಿರುಗಿತು, ತಿರುಗಿತು, ಕೊನೆಗೆ ‘ಟೈಮ್ ಔಟ್’ ಅಂತ ಬಂತು. ಅಷ್ಟರಲ್ಲಿ ಅವರ ಚಿಕ್ಕ ಫೋನಿನಲ್ಲಿ ಟಿಣ್ ಅಂತ ಮೆಸೇಜ್, 1,000 ರೂಪಾಯಿ ಕಡಿತ.

“ಮಗ, ದುಡ್ಡು ನಿನ್ ಮಿಷಿನ್ ಒಳ್ಗೇ ಸಿಕ್ಕಾಕೊಂಡದೆ, ತಗ್ದು ಕೊಡು” ಅಂದರು.

ಮಿಷಿನ್ನಿನಲ್ಲಿ ದುಡ್ಡು ಇರುವುದಿಲ್ಲ ಅಂತ ಹೇಗೆ ಹೇಳಲಿ? ನಾನು ಕೊಡುವುದು ನನ್ನ ಗಲ್ಲಾ ಪೆಟ್ಟಿಗೆಯ ನಗದು, ಅವರ ಬ್ಯಾಂಕ್ ಆ ಮೊತ್ತವನ್ನು ನನ್ನ ಖಾತೆಗೆ ಸೇರಿಸಿದರೆ ಮಾತ್ರ ಲೆಕ್ಕ ಸರಿ. ನನಗೆ ಸೇರಿಲ್ಲ, ಅವರಿಗೆ ಕಡಿದಿದೆ. ಅವತ್ತು ನಾನು ಫೇಲ್ ಆದ ಚೀಟಿಯನ್ನೂ ಪ್ರಿಂಟ್ ತೆಗೆದು, ಹಿಂಬದಿಯಲ್ಲಿ ದಿನಾಂಕ ದೊಡ್ಡದಾಗಿ ಬರೆದುಕೊಟ್ಟೆ. ಬಸ್ ಚಾರ್ಜಿಗೆ ಅಂತ ಕೈಯಿಂದ ಸ್ವಲ್ಪ ಕೊಟ್ಟೆ. ಆ ಚೀಟಿಯನ್ನು ಎಲೆ ಅಡಿಕೆ ಚೀಲದೊಳಗೆ ಮಡಿಸಿಟ್ಟುಕೊಂಡು ದಿನಾ ಬಂದು ಕೇಳಿದರು. ನಾಲ್ಕನೇ ದಿನ ಖಾತೆಗೆ ವಾಪಸ್ ಬಿತ್ತು.

ಅದಕ್ಕೇ ಹೇಳುವುದು: ಹೆಬ್ಬೆಟ್ಟು ವಹಿವಾಟು ಫೇಲ್ ಆದರೂ ಚೀಟಿ ಕೇಳಿ ಪಡೆಯಿರಿ. ‘ಫೇಲ್ ಆಯ್ತಲ್ಲ, ಚೀಟಿ ಯಾಕೆ’ ಅಂತ ಯಾರಾದರೂ ಅಂದರೆ ಎದ್ದು ಹೋಗಬೇಡಿ. ಫೇಲ್ ಆದಾಗಲೇ ಚೀಟಿ ಬೇಕಾಗುವುದು. ‘ಇನ್ನೊಂದ್ಸಲ ಒತ್ತಜ್ಜಿ’ ಅಂದರೆ ಮೊದಲ ಚೀಟಿ ಕೈಗೆ ಬಂದ ಮೇಲೆಯೇ ಒತ್ತಿ.

ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಮೆಸೇಜ್ ಬಂತು?

ಎಟಿಎಂನ ನಂಬರ್ ಅಥವಾ ಜಾಗ, ಗಂಟೆ ಬರೆದುಕೊಳ್ಳಿ. ಎಟಿಎಂ ಯಾವ ಬ್ಯಾಂಕಿನದೇ ಆಗಿರಲಿ, ದೂರು ಕೊಡಬೇಕಾದ್ದು ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಮೇಲೆ ಹೇಳಿದ ಐದು ದಿನದ ಲೆಕ್ಕ ಇಲ್ಲೂ ಅದೇ.

ನೆಟ್ ಇಲ್ಲದಿದ್ದರೂ ದುಡ್ಡು ಕಳಿಸೋಕೆ ಆಗುತ್ತಾ?

ಆಗುತ್ತದೆ. ಫೋನಿನಲ್ಲಿ *99# ಒತ್ತಿ ಕರೆ ಮಾಡಿದರೆ ಯುಪಿಐ ಮೆನು ಬರುತ್ತದೆ, ಬಟನ್ ಫೋನಿನಲ್ಲೂ ನಡೆಯುತ್ತದೆ, ಒಂದು ಸಲಕ್ಕೆ 5,000 ರೂಪಾಯಿವರೆಗೆ. ಡೇಟಾ ಬೇಡ, ಆದರೆ ಸಿಗ್ನಲ್ ಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮೇ ಆಗಿರಬೇಕು. ಇದನ್ನು ಇವತ್ತೇ ಒಂದು ಸಲ ಮಾಡಿ ನೋಡಿಡಿ, ಗಡಿಬಿಡಿಯಲ್ಲಿ ಕಲಿಯಲು ಆಗುವುದಿಲ್ಲ. ಆದರೆ ಒಂದು ವಿಷಯ ನೆನಪಿರಲಿ, ಇದೂ ಯುಪಿಐ ಹಾದಿಯಲ್ಲೇ ಹೋಗುವುದು. ನೆಟ್ ಇಲ್ಲದಾಗ ಇದು ಕೈ ಹಿಡಿಯುತ್ತದೆ, ಯುಪಿಐಯೇ ಮಲಗಿದಾಗ ಇದೂ ಮಲಗುತ್ತದೆ.

ಬ್ಯಾಂಕಿನ ಸರ್ವರ್ ನಿಧಾನ ಇದ್ದಾಗ ಒಳ್ಳೆಯದು ಯುಪಿಐ ಲೈಟ್. ಮೊದಲೇ ಖಾತೆಯಿಂದ 5,000 ರೂಪಾಯಿವರೆಗೆ ಅದಕ್ಕೆ ತುಂಬಿಡಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಕೊಡುವ ಹೊತ್ತಿನಲ್ಲಿ ನಿಮ್ಮ ಬ್ಯಾಂಕಿನ ಮುಖ್ಯ ಸರ್ವರನ್ನು ಕೇಳುವ ಕೆಲಸ ಇಲ್ಲವಾದ್ದರಿಂದ ಬೇಗ ಹೋಗುತ್ತದೆ. ಹಾಲು, ತರಕಾರಿ, ಟೀಗೆ ಇದನ್ನೇ ಬಳಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಫೋನ್ ಕಳೆದರೆ ಪಿನ್ ಇಲ್ಲದೇ ಖರ್ಚಾಗುತ್ತದೆ ಅನ್ನೋದು ನೆನಪಿಟ್ಟುಕೊಂಡು ಕಮ್ಮಿ ತುಂಬಿಡಿ.

ದಸರೆಯಲ್ಲಿ ಮೈಸೂರಿಗೆ ಹೋಗುವವರಿಗೆ ಬೇರೆಯದೇ ಮಾತು. ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಅಷ್ಟು ಜನ ಒಂದೇ ಕಡೆ ಫೋನ್ ಹಿಡಿದು ನಿಂತಿರುವಾಗ ಟವರ್ ಏನು ಮಾಡಬೇಕು ಹೇಳಿ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ನಮ್ಮ ಭಾವ ಆ ವಾರ ಪೂರ್ತಿ ಚಿಲ್ಲರೆ ಕಟ್ಟಿಟ್ಟುಕೊಂಡೇ ಕೂರುತ್ತಾರೆ. ಅಲ್ಲಿಗೆ ನಗದು ತಗೊಂಡೇ ಹೋಗಿ.

ದೊಡ್ಡ ಮೊತ್ತ ಇವತ್ತೇ ಕಳಿಸಬೇಕು, ಯುಪಿಐ ನಿಂತಿದೆ. ಏನು ದಾರಿ?

ನೆಫ್ಟ್ ಮತ್ತು ಆರ್‌ಟಿಜಿಎಸ್, ಅಂದರೆ ಬ್ಯಾಂಕ್ ಖಾತೆಯಿಂದ ಖಾತೆಗೆ ದುಡ್ಡು ಕಳಿಸುವ ಬೇರೆ ಎರಡು ದಾರಿ. ಇವನ್ನು ನಡೆಸುವುದು ರಿಸರ್ವ್ ಬ್ಯಾಂಕ್, ಹಾಗಾಗಿ ಎನ್‌ಪಿಸಿಐ ನಿಂತರೂ ಇವು ನಡೆಯುತ್ತಾ ಇರುತ್ತವೆ. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲು ರಾತ್ರಿ, ಭಾನುವಾರವೂ ಇದೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. ತಕ್ಷಣ ಬರಲಿಲ್ಲ ಅಂತ ಬೆಲ್ಲದ ಮಂಡಿಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಇರಬೇಕು. ನಿಮ್ಮ ಬ್ಯಾಂಕಿನದೇ ಸರ್ವರ್ ನಿಂತಿದ್ದರೆ ಮಾತ್ರ ಇವೂ ಹೋಗುವುದಿಲ್ಲ.

ಖಾತೆ ನಂಬರನ್ನು ಮುಂಚೆಯೇ ಸೇರಿಸಿಟ್ಟಿರಿ. ಹೊಸದಾಗಿ ಸೇರಿಸಿದವರಿಗೆ ಕೆಲವು ಗಂಟೆ ಬಿಟ್ಟೇ ದುಡ್ಡು ಹೋಗುವಂತೆ ಎಷ್ಟೋ ಬ್ಯಾಂಕುಗಳು ಮಾಡಿವೆ.

ಸರ್ವರ್ ಸರಿ ಇದ್ದರೂ ನನ್ನದು ಮಾತ್ರ ಹೋಗ್ತಿಲ್ಲ?

ಸಿಮ್ ಅಥವಾ ಫೋನ್ ಹೊಸದಾ? ಹಾಗಿದ್ದರೆ ಮೊದಲ 24 ಗಂಟೆ ಸಣ್ಣ ಮೊತ್ತ ಮಾತ್ರ ಬಿಡುತ್ತಾರೆ. ಅದು ನಿಮ್ಮ ರಕ್ಷಣೆಗೇ. ಬ್ಯಾಂಕ್ ಶಾಖೆಯ ಕೋಡ್, ಅಂದರೆ ಐಎಫ್‌ಎಸ್‌ಸಿ, ಹಳೆಯದಾ? ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಜೊತೆ ಸೇರಿತು, ಅದರ ಹಳೆ ಕೋಡ್ 2021ರ ಜುಲೈ 1ರಿಂದ ನಡೆಯುವುದಿಲ್ಲ. ಇವತ್ತಿಗೂ ಹಳೆ ಪಾಸ್‌ಬುಕ್ ಹಿಡಿದು ಬರುವವರಿದ್ದಾರೆ.

ಈ ತಿಂಗಳ ಕಂತಿನ ದಿನವೇ ಸರ್ವರ್ ಡೌನ್ ಆದ್ರೆ?

ಕಂತು ತಾನಾಗಿಯೇ ಎಳೆದುಕೊಳ್ಳುವ ವ್ಯವಸ್ಥೆ 2021ರ ಆಗಸ್ಟ್ 1ರಿಂದ ರಜಾದಿನವೂ ನಡೆಯುತ್ತದೆ. ‘ಭಾನುವಾರ ಅಲ್ವಾ, ಸೋಮವಾರ ಹಾಕಿದ್ರಾಯ್ತು’ ಎಂಬ ಲೆಕ್ಕ ಈಗಿಲ್ಲ. ಎರಡು ದಿನ ಮೊದಲೇ ಆ ಖಾತೆಗೆ ದುಡ್ಡು ಹಾಕಿಡಿ. ಸರ್ವರ್ ತೊಂದರೆಯಿಂದಲೇ ಕಂತು ತಪ್ಪಿದ್ದರೆ ದುಡ್ಡು ಹೋಗದ ಸ್ಕ್ರೀನ್‌ಶಾಟ್ ಜೊತೆಗೆ ಸಾಲ ಕೊಟ್ಟವರಿಗೆ ಅವತ್ತೇ ಬರೆದು ತಿಳಿಸಿ, ದಂಡ ಬಿಡಿ ಅಂತ ಕೇಳಿ.

ಅಂಗಡಿಯವನು ನಾನು. ದುಡ್ಡು ಬಂತು ಅಂತ ಕೂಗುವ ಬಾಕ್ಸ್ ಮಾತಾಡಲಿಲ್ಲ, ಗಿರಾಕಿ ಹಸಿರು ಟಿಕ್ ತೋರಿಸ್ತಾರೆ. ನಂಬಲಾ?

ಬಾಕ್ಸ್ ಒಳಗೂ ಒಂದು ಸಿಮ್ ಇದೆ. ಅದಕ್ಕೆ ಸಿಗ್ನಲ್ ಇಲ್ಲದಿದ್ದರೆ ದುಡ್ಡು ಬಂದಿದ್ದರೂ ಬಾಯಿ ಬಿಡುವುದಿಲ್ಲ. ಗಿರಾಕಿಯ ಸ್ಕ್ರೀನನ್ನೂ ಪೂರ್ತಿ ನಂಬುವ ಹಾಗಿಲ್ಲ, ಹಸಿರು ಟಿಕ್ ತೋರಿಸುವ ನಕಲಿ ಆ್ಯಪುಗಳಿವೆ. ನಿಮ್ಮ ಆ್ಯಪಿನ ಹಿಸ್ಟರಿ ಇಲ್ಲ ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ, ಬೇರೆ ದಾರಿ ಇಲ್ಲ. ಅದೂ ತೆರೆಯದಿದ್ದರೆ ಗುರುತಿನವರಿಗೆ ಪುಸ್ತಕದಲ್ಲಿ ಬರೆದುಕೊಂಡು ಕೊಡಿ. ಗುರುತಿಲ್ಲದವರಿಗೆ ಮರ್ಯಾದೆಯಿಂದ ನಗದು ಕೇಳಿ. ಎಲ್ಲರ ಮುಂದೆ ‘ದುಡ್ಡು ಬಂದಿಲ್ಲ ರೀ’ ಅಂತ ಜೋರಾಗಿ ಕೂಗಿಬಿಟ್ಟರೆ, ಆಮೇಲೆ ದುಡ್ಡು ಬಂದಾಗ ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ, ಏನೋ ಆ್ಯಪ್ ಹಾಕಿಕೊಳ್ಳಿ ಅಂದ್ರು?

ತಕ್ಷಣ ಫೋನ್ ಇಡಿ. ಸರ್ವರ್ ಡೌನ್ ಆದ ದಿನವೇ ಕಳ್ಳರಿಗೆ ಸುಗ್ಗಿ. ಗಾಬರಿಯಲ್ಲಿ ನೆಟ್‌ನಲ್ಲಿ ಹುಡುಕುತ್ತೀರಿ, ಅವರು ಹಾಕಿಟ್ಟ ನಂಬರೇ ಮೊದಲು ಸಿಗುತ್ತದೆ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ, ‘ರೀಫಂಡ್ ಬರಲು ಪಿನ್ ಹಾಕಿ’ ಅನ್ನುತ್ತಾರೆ. ದುಡ್ಡು ಬರಲು ಯಾವತ್ತೂ ಪಿನ್ ಬೇಡ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ನಂಬರ್ ಬೇಕಿದ್ದರೆ ಕಾರ್ಡಿನ ಹಿಂಬದಿ, ಪಾಸ್‌ಬುಕ್, ಇಲ್ಲ ಆ್ಯಪಿನೊಳಗಿನ ಹೆಲ್ಪ್ ನೋಡಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆ ಪಟ್ಟುಕೊಂಡು ಮನೆಯಲ್ಲಿ ಕೂತರೆ ಅಷ್ಟು ಹೊತ್ತಿಗೆ ಅದು ನಾಲ್ಕು ಖಾತೆ ದಾಟಿರುತ್ತದೆ.

ಐದು ದಿನ ಆಯ್ತು, ಬ್ಯಾಂಕ್‌ನಲ್ಲಿ ‘ಬರುತ್ತೆ ಹೋಗಿ’ ಅಂತಾರೆ. ಇನ್ಯಾರಿಗೆ ಹೇಳಲಿ?

ಬಾಯಿಮಾತಿನ ದೂರು ದೂರಲ್ಲ. ಮೊದಲು ಆ್ಯಪಿನೊಳಗೇ ಆ ವಹಿವಾಟಿನ ಮೇಲೆ ದೂರು ಹಾಕಿ. ಆಮೇಲೆ ಬ್ಯಾಂಕಿನ ಶಾಖೆಯಲ್ಲಿ ಬರೆದುಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ‘ಇಂಥ ದಿನ, ಇಷ್ಟು ಹೊತ್ತಿಗೆ, ಇಷ್ಟು ರೂಪಾಯಿ, ಈ ಯುಟಿಆರ್, ವಾಪಸ್ ಬಂದಿಲ್ಲ, ದಿನಕ್ಕೆ 100 ರೂಪಾಯಿ ಪರಿಹಾರದ ಜೊತೆ ಹಾಕಿ’. ಇಷ್ಟು ಸಾಕು, ಕಥೆ ಬೇಡ. ಸೀಲು ಬಿದ್ದ ಕಾಗದಕ್ಕೆ ಬೇರೆಯೇ ತೂಕ ಇದೆ.

30 ದಿನ ಆದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲ ಅನಿಸಿದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ರಿಸರ್ವ್ ಬ್ಯಾಂಕಿನ ಸಿಎಂಎಸ್ ವೆಬ್‌ಸೈಟಿನಲ್ಲಿ ದೂರು ಹಾಕುವುದು, ಒಂದು ಪೈಸೆ ಖರ್ಚಿಲ್ಲ, ವಕೀಲರೂ ಬೇಡ. ಹೇಗೆ ಹಾಕುವುದು ಅಂತ ಕೇಳಲು 14448ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಬ್ಯಾಂಕಿಗೆ ಕೊಡದೆ ನೇರ ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಅದಕ್ಕೇ ಆ ಸೀಲು ಬೇಕು ಅಂದಿದ್ದು.

ಮುಂಚೆಯೇ ಏನು ತಯಾರಿ ಮಾಡಿಕೊಳ್ಳಲಿ?

ಎರಡು ಬೇರೆ ಬೇರೆ ಬ್ಯಾಂಕಿನಲ್ಲಿ ಖಾತೆ ಇರಲಿ. ಒಂದೇ ಬ್ಯಾಂಕಿಗೆ ಮೂರು ಆ್ಯಪ್ ಜೋಡಿಸಿದರೆ ಬ್ಯಾಂಕ್ ಮಲಗಿದಾಗ ಮೂರೂ ಮಲಗುತ್ತವೆ. ಸಾಧ್ಯವಾದರೆ ಮನೆಯಲ್ಲಿ ಎರಡು ಕಂಪನಿಯ ಸಿಮ್ ಇರಲಿ. ಡೆಬಿಟ್ ಕಾರ್ಡನ್ನು ಬೀರುವಿನಲ್ಲಿ ಇಡಬೇಡಿ, ಪರ್ಸಿನಲ್ಲಿರಲಿ, ಅದರ ಪಿನ್ ನೆನಪಿದೆಯಾ ಅಂತ ಆಗಾಗ ನೋಡಿಕೊಳ್ಳಿ.

ನಗದು ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಗೆ ಒಂದು ಆಟೋ, ಒಂದು ಚೀಟಿಯ ಔಷಧಿ, ಮನೆಗೆ ವಾಪಸ್ ಬರುವ ಬಸ್ಸು, ಎರಡು ದಿನದ ಹಾಲು ತರಕಾರಿ. ನಿಮ್ಮ ಮನೆಗೆ ಇದು ಎಷ್ಟಾಗುತ್ತದೋ ಕೂಡಿಸಿ, ಅಷ್ಟನ್ನು ಸಣ್ಣ ನೋಟಿನಲ್ಲೇ ಇಡಿ. 500ರ ಒಂದೇ ನೋಟು ತಂದು ‘ಚಿಲ್ಲರೆ ಕೊಡಣ್ಣ’ ಅಂದರೆ, ಸರ್ವರ್ ಡೌನ್ ಆದ ದಿನ ನನ್ನ ಗಲ್ಲಾದಲ್ಲೂ ಚಿಲ್ಲರೆ ಖಾಲಿಯಾಗಿರುತ್ತದೆ.